ಅರವತ್ತು ವೋಲ್ಟು ಎಲ್ಲಿಂದ ಬಂತು?

ಕನ್ನಡ ಟೀಚರಿಗೆ ಗಿಟಾರ್ ಆಂಪ್ಲಿಫೈಯರಿನ ಉಸಾಬರಿ ಏಕೆ ಎಂದು ನೀವು ಕೇಳಬಹುದು. ನಮ್ಮ ತಂದೆಯವರು ಧಾರವಾಡದಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದರು. ಹಳೆಯ ವಾಲ್ವ್ ರೇಡಿಯೊ ಬಿಚ್ಚಿದಾಗಲೆಲ್ಲ ಎಡಗೈ ಜೇಬಿನಲ್ಲೇ ಇರುತ್ತಿತ್ತು. ಎರಡೂ ಕೈ ಒಳಗಿದ್ದರೆ ವಿದ್ಯುತ್ತು ಎದೆಯ ಮೂಲಕ ಹಾಯಬಹುದು, ಅದಕ್ಕೆ.

ವಾರ್ಷಿಕೋತ್ಸವದ ತಾಲೀಮಿಗೆ ಹತ್ತನೇ ತರಗತಿಯ ಹುಡುಗನೊಬ್ಬ ತನ್ನ ತಂದೆ ಕಿಟ್ ತರಿಸಿ ಜೋಡಿಸಿದ ಆಂಪ್ಲಿಫೈಯರ್ ತಂದಿದ್ದ. ಅಮೆರಿಕದ ಫೆಂಡರ್ ಕಂಪನಿಯ 1950ರ ದಶಕದ ‘ಡಿಲಕ್ಸ್’ 5ಇ3 ಮಾದರಿಯ ನಕಲು ಅದು. ನಾದವೇನೋ ಸೊಗಸು. ಆದರೆ ಅರ್ಧ ಗಂಟೆಯಲ್ಲಿ ಟ್ರಾನ್ಸ್‌ಫಾರ್ಮರ್ ಮುಟ್ಟಲಾಗದಷ್ಟು ಕಾದು, 6ವಿ6 ವಾಲ್ವುಗಳ ಒಳಗಿನ ಲೋಹ ಕೆಂಪಗಾಗತೊಡಗಿತು. ಸುಮಾರು 360 ವೋಲ್ಟ್ ಇರಬೇಕಾದಲ್ಲಿ ಮೀಟರು 420 ತೋರಿಸಿತು. ಹಳೆಯ ಕೈಪಿಡಿಗಳ ಪ್ರಕಾರ 6ವಿ6 ವಾಲ್ವಿಗೆ 315 ವೋಲ್ಟೇ ಮಿತಿ. (ಫೆಂಡರಿನವರೇ ಅದನ್ನು ದಾಟಿದ್ದರೆನ್ನಿ!)

ಇಂಥ ಹೊತ್ತಿನಲ್ಲಿ ಬಿಡಿಭಾಗಗಳನ್ನು ಸುಮ್ಮನೆ ಬದಲಿಸುತ್ತ ಹೋಗಬಾರದು. ಮೊದಲು ವಾಲ್ವುಗಳನ್ನು ಕಾಯಿಸುವ ಹೀಟರಿನ ವೋಲ್ಟೇಜ್ ನೋಡಬೇಕು. ಅದು 6.3 ಇರಬೇಕು. ಹೀಟರಿಗೂ ಆ ದೊಡ್ಡ ವೋಲ್ಟೇಜಿಗೂ ಒಂದೇ ಟ್ರಾನ್ಸ್‌ಫಾರ್ಮರ್ ಮೂಲ. ಎರಡೂ ಒಂದೇ ಪ್ರಮಾಣದಲ್ಲಿ ಏರಿದ್ದರೆ ದೋಷ ಆಂಪ್ಲಿಫೈಯರಿನದಲ್ಲ, ಗೋಡೆಯ ಕಡೆಯದು. ಹೀಟರ್ ಸರಿಯಿದ್ದು ಇನ್ನೊಂದು ಮಾತ್ರ ಏರಿದ್ದರೆ ಒಳಗೆ ಹುಡುಕಬೇಕು.

ಇಲ್ಲಿ ಹೀಟರು 6.7 ತೋರಿಸಿತು, ಅಂದರೆ ಶೇಕಡಾ ಆರರಿಂದ ಏಳರಷ್ಟು ಹೆಚ್ಚು. ಕಾರಣ ತಿಳಿಯಲು ಕಷ್ಟವಾಗಲಿಲ್ಲ. ಆ ಕಾಲದ ಆಂಪ್ಲಿಫೈಯರುಗಳು 117 ವೋಲ್ಟಿಗೆ ತಯಾರಾದವು. ಮಸ್ಕತ್ತಿನ 240 ವೋಲ್ಟನ್ನು ಇಳಿಸಲು ಅವರು ಕೊಂಡಿದ್ದ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ 125 ಕೊಡುತ್ತಿತ್ತು. 360ಕ್ಕೆ ಶೇಕಡಾ ಏಳು ಸೇರಿಸಿದರೆ 385. ಮಕ್ಕಳೇ, ಲೆಕ್ಕ ಹಾಕಿ ನೋಡಿ. ಇನ್ನೂ 35 ವೋಲ್ಟಿಗೆ ಉತ್ತರ ಸಿಕ್ಕಿಲ್ಲ!

ಉತ್ತರವಿದ್ದದ್ದು ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ವಾಲ್ವಿನಲ್ಲಿ. ಮೂಲ ನಕ್ಷೆಯಲ್ಲಿರುವುದು 5ವೈ3. ಅದು ಐವತ್ತರ ಆಸುಪಾಸು ವೋಲ್ಟನ್ನು ತಾನೇ ನುಂಗುತ್ತದೆ. ಅವರು ಹಾಕಿದ್ದ ಜಿಝಡ್34 ಬಹಳ ಕಡಿಮೆ ನುಂಗುತ್ತದೆ. ಅದೇ ಸಾಕೆಟ್ಟಿಗೆ ಕೂರುತ್ತದೆ ಎಂಬ ಕಾರಣಕ್ಕೆ ಹಾಕಿಬಿಟ್ಟಿದ್ದರು. 6ವಿ6 ದುರ್ಬಲವಾಗಿ ಕರೆಂಟು ಎಳೆಯದಿದ್ದರೂ ವೋಲ್ಟೇಜ್ ಏರುತ್ತದೆ. ಆದರೆ ಅವುಗಳ ಕ್ಯಾಥೋಡಿನ 250 ಓಮ್ ರೆಸಿಸ್ಟರಿನ ಮೇಲೆ 23 ವೋಲ್ಟಿತ್ತು. ಭಾಗಿಸಿದರೆ 92 ಮಿಲಿಆಂಪಿಯರ್. ಬೇಕಾದ್ದಕ್ಕಿಂತ ಹೆಚ್ಚೇ ಎಳೆಯುತ್ತಿದ್ದವು, ಪಾಪ. 5ವೈ3 ಹಾಕಿ, ವೇರಿಯಾಕಿನಿಂದ 117 ಕೊಟ್ಟಾಗ ಮೀಟರು 362ಕ್ಕೆ ನಿಂತಿತು.

ಪಾಲಕರು ಗಮನಿಸಬೇಕಾದ ಮಾತು ಬೇರೆಯೇ ಇದೆ. ಪ್ಲಗ್ ಕಿತ್ತರೂ ಕೆಪಾಸಿಟರುಗಳಲ್ಲಿ ವಿದ್ಯುತ್ತು ಉಳಿದಿರುತ್ತದೆ. ವಾಲ್ವುಗಳು ಬಿಸಿಯಿದ್ದರೆ ಅದು ಬೇಗ ಇಳಿಯುತ್ತದೆ, ವಾಲ್ವು ತೆಗೆದಿದ್ದರೆ ಬಹಳ ಹೊತ್ತು ಇರುತ್ತದೆ. ಹಿಂದಿನ ದಿನ ತಂದೆ 6ವಿ6ಗಳನ್ನು ಕಿತ್ತು, ಸ್ವಿಚ್ ಹಾಕಿ ನೋಡಿ, ಪ್ಲಗ್ ತೆಗೆದು ಊಟಕ್ಕೆ ಎದ್ದಿದ್ದರು. ಮಗ ವಯರು ಸರಿಪಡಿಸಲು ಒಳಗೆ ಕೈ ಹಾಕುವುದರಲ್ಲಿದ್ದ. ತಾಯಿ ಗದರಿಸಿ ಎಬ್ಬಿಸಿದರು. ಊಟ ಮುಗಿಸಿ ಬಂದು ಅಳೆದಾಗ ಇನ್ನೂ 380 ವೋಲ್ಟಿತ್ತು. ಆಮೇಲೆ ಆ ತಂದೆ ರೆಸಿಸ್ಟರ್ ಮೂಲಕ ಅದನ್ನು ಖಾಲಿ ಮಾಡಿ, ಮೀಟರು ಸೊನ್ನೆಗೆ ಬಂದ ಮೇಲೆಯೇ ಕೈ ಹಾಕಿದರು.

ಈಗ ಆ ಪೆಟ್ಟಿಗೆಯ ಹಿಂಬದಿಯ ಹಲಗೆಯ ಮೇಲೆ ಹುಡುಗನೇ ಕನ್ನಡದಲ್ಲಿ ಬರೆದು ಅಂಟಿಸಿದ ಚೀಟಿಯಿದೆ: “ಅಪ್ಪ ಇಲ್ಲದಾಗ ಬಿಚ್ಚಬಾರದು.” ಕಾಗುಣಿತದಲ್ಲಿ ಒಂದೂ ತಪ್ಪಿಲ್ಲ.