ಕವಳೆ: ಹೆಸರೊಂದು, ಗಿಡವೆರಡು

ವೈಶಾಖದ ಬಿಸಿಲು ಏರಿದಂತೆ ಮುಂಬಯಿಯ ಬೀದಿಗಳಲ್ಲಿ ಎಲೆಯ ದೊನ್ನೆ ತುಂಬಿದ ಕರಿಯ ಹಣ್ಣುಗಳು ಮಾರಾಟಕ್ಕೆ ಬರುತ್ತವೆ. ಮರಾಠಿಗರು ಇದನ್ನು ‘ಕರವಂದ’ ಎಂದೂ, ಅಕ್ಕರೆಯಿಂದ ‘ಡೋಂಗರಾಚಿ ಕಾಳಿ ಮೈನಾ’ ಎಂದೂ ಕರೆಯುತ್ತಾರೆ. ದಕ್ಷಿಣ ಕನ್ನಡದವರಿಗೆ ಇದು ಕರಂಡೆ, ಮಲೆನಾಡಿನವರಿಗೆ ಕವಳೆ, ಸಂಸ್ಕೃತದಲ್ಲಿ ಕರಮರ್ದ. ಜೋಗೇಶ್ವರಿಯ ಪೂರ್ವಕ್ಕೆ ಹೊಂದಿಕೊಂಡ ಆರೆಯ ಗುಡ್ಡಗಳಲ್ಲಿಯೂ ಅದರಾಚೆಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿಯೂ ಈ ಮುಳ್ಳುಪೊದೆ ಉಂಟು. ಊರು ಬಿಟ್ಟು ಬಂದವರಿಗೆ ಊರಿನ ಗುಡ್ಡದ ನಂಟು ಇಲ್ಲಿಯೂ ತಪ್ಪಿಲ್ಲ.

ಆದರೆ ಕವಳೆಯೆಂಬ ಹೆಸರಿನಲ್ಲಿ ನಿಕಟ ಸಂಬಂಧಿಗಳಾದ ಎರಡು ಪ್ರಭೇದಗಳು ಅಡಗಿವೆ: ಕ್ಯಾರಿಸ್ಸ ಕರಂಡಾಸ್ ಮತ್ತು ಕ್ಯಾರಿಸ್ಸ ಸ್ಪೈನೇರಮ್. ಎರಡಕ್ಕೂ ಈ ಶಾಸ್ತ್ರೀಯ ನಾಮವನ್ನಿತ್ತವನು ಸ್ವೀಡನ್ನಿನ ಲಿನೇಯಸ್, ಮೊದಲನೆಯದಕ್ಕೆ 1767ರಲ್ಲಿ. ಎರಡೂ ನಿತ್ಯಹಸುರು, ಎರಡಕ್ಕೂ ಮುಳ್ಳು, ಬಿಳಿಯ ಹಾಲು, ಮಲ್ಲಿಗೆಯಂತಹ ಪರಿಮಳದ ಹೂ. ಮೊದಲನೆಯದು ಎತ್ತರವಾದ ಪೊದೆ. ಕಾಯಿ ದೊಡ್ಡದು, ಹುಳಿ ಹೆಚ್ಚು. ಉಪ್ಪಿನಕಾಯಿಗೆ ಇದೇ ಲೇಸು. ಎರಡನೆಯದು ಒಣ ಗುಡ್ಡಗಳ ಕಿರುಪೊದೆ. ಹಣ್ಣು ಬಟಾಣಿ ಗಾತ್ರದ್ದು, ಬೀಜ ಕಡಿಮೆ, ಮಾಗಿದಾಗ ಸಿಹಿ. ಇದು ಆಫ್ರಿಕದಿಂದ ಆಸ್ಟ್ರೇಲಿಯದವರೆಗೆ ಹಬ್ಬಿದೆ. ಸಹ್ಯಾದ್ರಿಯ ಕರವಂದವನ್ನು ‘ಕ್ಯಾರಿಸ್ಸ ಕಂಜೆಸ್ಟ’ ಎಂದು ಬೇರೆಯಾಗಿಯೇ ಎಣಿಸುವ ಪಂಡಿತರೂ ಇದ್ದಾರೆ. ಅದನ್ನು ಮೊದಲನೆಯದರಲ್ಲಿಯೇ ಸೇರಿಸುವವರೂ ಇದ್ದಾರೆ.

ಆರೋಗ್ಯದೃಷ್ಟಿಯಿಂದ ಎರಡೂ ಉಪಯುಕ್ತ. ಹಣ್ಣಿನಲ್ಲಿ ‘ಸಿ’ ಜೀವಸತ್ವವಿದೆ. ಊಟದೊಡನೆ ಸೇವಿಸಿದರೆ ಸೊಪ್ಪು-ಕಾಳುಗಳಲ್ಲಿರುವ ಕಬ್ಬಿಣಾಂಶವನ್ನು ದೇಹವು ಹೀರಿಕೊಳ್ಳಲು ಇದು ನೆರವಾಗುತ್ತದೆ. ಪೆಕ್ಟಿನ್ ಹೇರಳವಾಗಿರುವುದರಿಂದ ಜೆಲ್ಲಿ ತಾನಾಗಿ ಗಟ್ಟಿಯಾಗುತ್ತದೆ. ಆದರೆ ರಕ್ತದೊತ್ತಡವುಳ್ಳವರು ಉಪ್ಪಿನಕಾಯಿಯಲ್ಲಿ, ಮಧುಮೇಹಿಗಳು ಜಾಮಿನಲ್ಲಿ ಮಿತವರಿಯಬೇಕು. ಕೇಕಿನ ಮೇಲೆ ಮಕ್ಕಳು ಆಸೆಪಟ್ಟು ತಿನ್ನುವ ಕೆಂಪು ‘ಚೆರಿ’ಯೂ ಅನೇಕ ವೇಳೆ ಸಕ್ಕರೆಪಾಕದಲ್ಲಿ ಅದ್ದಿ ಬಣ್ಣ ಹಾಕಿದ ಕವಳೆಯೇ ಎಂಬುದನ್ನು ಬಲ್ಲವರು ವಿರಳ.

ಒಂದು ಎಚ್ಚರಿಕೆ ಅತ್ಯಗತ್ಯ. ಕವಳೆಯು ಕಣಗಿಲೆಯ ಕುಟುಂಬಕ್ಕೆ ಸೇರಿದ್ದು. ನಗರದ ಉದ್ಯಾನಗಳಲ್ಲಿ ಅಂದಕ್ಕಾಗಿ ಬೆಳೆಸುವ ಹಳದಿ ಕಣಗಿಲೆಯೂ ಅದೇ ಕುಟುಂಬದ್ದು. ಅದರ ಕಾಯಿಯೂ ಹಸುರಿನಿಂದ ಕಪ್ಪಿಗೆ ತಿರುಗುತ್ತದೆ, ಅದರಲ್ಲಿಯೂ ಹಾಲಿದೆ. ಆದರೆ ಅದು ಘೋರ ವಿಷ; ಹೃದಯದ ಬಡಿತವನ್ನೇ ಕೆಡಿಸುತ್ತದೆ. ಗುರುತಿಸುವುದು ಕಷ್ಟವಲ್ಲ. ಕವಳೆಗೆ ಮುಳ್ಳುಂಟು, ಅಗಲವಾದ ಎಲೆ ಎದುರುಬದುರಾಗಿರುತ್ತದೆ. ಹಳದಿ ಕಣಗಿಲೆಗೆ ಮುಳ್ಳಿಲ್ಲ, ಎಲೆ ನೀಳ, ಕಾಯಿ ಕೋನಾಕಾರದ್ದು. ಮಗು ಅದನ್ನು ತಿಂದಿತೆಂಬ ಸಂಶಯ ಬಂದರೂ ಮನೆಮದ್ದಿನಲ್ಲಿ ಕಾಲಹರಣ ಮಾಡದೆ ತತ್‌ಕ್ಷಣ ಆಸ್ಪತ್ರೆಗೆ ಒಯ್ಯಬೇಕು.

ಊರಿನಲ್ಲಿ ಈ ಭೇದವನ್ನು ಮಕ್ಕಳು ಗುಡ್ಡದಲ್ಲಿ ಆಡುತ್ತಲೇ ಕಲಿಯುತ್ತಿದ್ದರು. ನಗರದಲ್ಲಿ ಅದನ್ನು ಹಿರಿಯರು ಕೈಹಿಡಿದು ತೋರಿಸಿಕೊಡುವುದು ಲೇಸು.