ಸೈಕಲ್ಲಿನ ಹಿಡಿಕೆ: ಮೆತ್ತಗಿದ್ದರೆ ಸಾಕೆ?

ಒಂದು ಭಾನುವಾರ ನನ್ನ ಮೌಂಟನ್ ಬೈಕ್ ಏರಿ ಕಾಫಿ ತೋಟಗಳ ನಡುವಣ ಮಣ್ಣುರಸ್ತೆಯಲ್ಲಿ ಸುಮಾರು ಮೂರು ಗಂಟೆ ಸವಾರಿ ಮಾಡಿದ್ದೆ. ಮರುದಿನ ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದಾಗ ಸೀಮೆಸುಣ್ಣದ ಕಡ್ಡಿ ಎರಡು ಬಾರಿ ಬೆರಳುಗಳಿಂದ ಜಾರಿ ಬಿತ್ತು. ಕಿರುಬೆರಳು ಮತ್ತು ಅದರ ಪಕ್ಕದ ಉಂಗುರ ಬೆರಳಿನ ಅರ್ಧ ಭಾಗ ಜೋಮು ಹಿಡಿದಂತಿತ್ತು.

ಸೈಕಲ್ಲಿನ ಹಿಡಿಕೆಗಳು ಸವೆದು ಗಟ್ಟಿಯಾಗಿರುವುದೇ ಇದಕ್ಕೆ ಕಾರಣ ಎಂದು ಭಾವಿಸಿ, ಅಂಗಡಿಯಲ್ಲಿದ್ದ ಅತ್ಯಂತ ಮೆತ್ತನೆಯ, ದಪ್ಪನೆಯ ಫೋಮ್ ಹಿಡಿಕೆಗಳನ್ನು ಕೊಂಡುತಂದೆ. ಅಂಗಡಿಯಲ್ಲಿ ಹಿಡಿದು ನೋಡಿದಾಗ ಹತ್ತಿಯ ದಿಂಬಿನಂತಿದ್ದವು. ಆದರೆ ಮುಂದಿನ ಸವಾರಿಯಲ್ಲಿ ಜೋಮು ಇನ್ನೂ ಬೇಗನೆ ಬಂತು! ಮೂವತ್ತು ವರ್ಷಗಳಿಂದ ಒತ್ತಡ ಮತ್ತು ಕಂಪನದ ಪಾಠ ಹೇಳುತ್ತಿದ್ದ ನಾನು, ಹಿಡಿಕೆ ಕೊಳ್ಳುವ ಮುನ್ನ ಆ ಪಾಠವನ್ನು ನೆನಪಿಸಿಕೊಂಡಿರಲಿಲ್ಲ. ಅಂದು ಹಾಕದೇ ಇದ್ದ ಲೆಕ್ಕವನ್ನು ಇಲ್ಲಿ ಹಾಕಿ ನೋಡೋಣ.

ಬೆಟ್ಟದ ಸೈಕಲ್ಲಿಗೇ ಏಕೆ ಈ ತೊಂದರೆ?

ನಮ್ಮ ಊರುಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಸಾಮಾನ್ಯ ಸೈಕಲ್ಲಿನ ಹ್ಯಾಂಡಲ್ ಸವಾರನ ಕಡೆಗೆ ಬಾಗಿರುತ್ತದೆ. ಸವಾರ ನೆಟ್ಟಗೆ ಕುಳಿತಿರುವುದರಿಂದ ಅವನ ತೂಕದ ಬಹುಪಾಲು ಸೀಟಿನ ಮೇಲೆ ಬೀಳುತ್ತದೆ. ಕೈಗಳು ದಿಕ್ಕನ್ನು ನಿಯಂತ್ರಿಸಿದರೆ ಸಾಕು.

ಮೌಂಟನ್ ಬೈಕಿನ ಕಥೆ ಬೇರೆ. ಇದರ ತವರು ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿ. 1970ರ ದಶಕದಲ್ಲಿ ಅಲ್ಲಿನ ಯುವಕರು ಹಳೆಯ ದಪ್ಪ ಟಯರಿನ ಸೈಕಲ್ಲುಗಳನ್ನು ಬೆಟ್ಟದ ಕಚ್ಚಾ ಹಾದಿಗಳಲ್ಲಿ ಇಳಿಸುತ್ತಿದ್ದರು. 1976ರ ಅಕ್ಟೋಬರಿನಲ್ಲಿ ಆರಂಭವಾದ ಅಲ್ಲಿನ ಇಳಿಜಾರು ಸ್ಪರ್ಧೆಗೆ ‘ರೀಪ್ಯಾಕ್’ ಎಂದೇ ಹೆಸರು. ಇಳಿಯುವಾಗ ಹಿಂಚಕ್ರದ ಬ್ರೇಕ್ ಎಷ್ಟು ಕಾಯುತ್ತಿತ್ತೆಂದರೆ, ಅದರೊಳಗಿನ ಗ್ರೀಸ್ ಸುಟ್ಟುಹೋಗಿ ಪ್ರತಿಬಾರಿಯೂ ಹೊಸದಾಗಿ ತುಂಬಬೇಕಾಗುತ್ತಿತ್ತು. ಇಂತಹ ದಾರಿಗೆಂದೇ ರೂಪುಗೊಂಡ ಸೈಕಲ್ಲಿನಲ್ಲಿ ಸವಾರ ಮುಂದಕ್ಕೆ ಬಾಗುತ್ತಾನೆ. ಹ್ಯಾಂಡಲ್ ಹೆಚ್ಚುಕಡಿಮೆ ನೇರವಾದ ದಂಡ. ಮೇಲಿನ ದೇಹದ ತೂಕದ ಒಂದಷ್ಟು ಪಾಲು ಅಂಗೈಗಳ ಮೇಲೆ ಬೀಳುತ್ತದೆ. ರಸ್ತೆ ಸ್ಪರ್ಧೆಯ ಸೈಕಲ್ಲಿನ ಬಾಗಿದ ಹ್ಯಾಂಡಲ್ಲಿನಲ್ಲಾದರೋ ಕೈಯನ್ನು ಮೂರ್ನಾಲ್ಕು ಕಡೆ ಇಡಬಹುದು. ನೇರ ದಂಡದಲ್ಲಿ ಇರುವುದು ಒಂದೇ ಜಾಗ. ಆ ಜಾಗವೇ ಹಿಡಿಕೆ.

ಅಂಗೈಯೊಳಗಿನ ಕಾಲುವೆ

ಮೊಣಕೈಯ ಒಳಬದಿ ಯಾವುದಕ್ಕಾದರೂ ತಾಗಿದಾಗ ಕಿರುಬೆರಳಿನವರೆಗೆ ಮಿಂಚು ಹರಿದಂತಾಗುವುದು ಎಲ್ಲರ ಅನುಭವ. ಆ ಮಿಂಚನ್ನು ಒಯ್ಯುವುದು ಅಲ್ನಾರ್ ನರ. ಇದು ಮಣಿಕಟ್ಟನ್ನು ದಾಟಿ, ಕಿರುಬೆರಳಿನ ಕಡೆಯ ಅಂಗೈ ಬುಡದಲ್ಲಿರುವ ಕಿರಿದಾದ ಕಾಲುವೆಯೊಂದರ ಮೂಲಕ ಹಾದುಹೋಗುತ್ತದೆ. 1861ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ಶಸ್ತ್ರವೈದ್ಯ ಗಿಯೊನ್ ಅವರ ಹೆಸರೇ ಆ ಕಾಲುವೆಗೆ ಉಳಿದಿದೆ.

ಹ್ಯಾಂಡಲ್ ಹಿಡಿದು ಮುಂದಕ್ಕೆ ಒರಗಿದಾಗ ದಂಡ ಒತ್ತುವುದು ಸರಿಯಾಗಿ ಇದೇ ಜಾಗವನ್ನು. ಮಣಿಕಟ್ಟು ಹಿಂದಕ್ಕೆ ಮಡಚಿದ್ದರೆ ನರ ಇನ್ನಷ್ಟು ಬಿಗಿಯುತ್ತದೆ. ಈ ನರದ ಒಂದು ಕವಲು ಕಿರುಬೆರಳಿಗೂ ಉಂಗುರ ಬೆರಳಿನ ಅರ್ಧಕ್ಕೂ ಸ್ಪರ್ಶಜ್ಞಾನ ನೀಡುತ್ತದೆ. ಇನ್ನೊಂದು ಕವಲು ಹೆಬ್ಬೆರಳನ್ನು ತೋರುಬೆರಳಿನತ್ತ ಸೆಳೆಯುವ ಸ್ನಾಯುವನ್ನೂ ನಿಯಂತ್ರಿಸುತ್ತದೆ. ನನ್ನ ಸೀಮೆಸುಣ್ಣ ಜಾರಿದ್ದು ಏಕೆಂದು ಈಗ ತಿಳಿಯಿತಲ್ಲವೆ? ವೈದ್ಯರಿಗೆ ಇದು ಪರಿಚಿತ ತೊಂದರೆ. ಸಾಮಾನ್ಯವಾಗಿ ವಿಶ್ರಾಂತಿಯಿಂದ ಗುಣವಾಗುತ್ತದೆ. ಆದರೆ ಜೋಮು ದಿನಗಟ್ಟಲೆ ಉಳಿದರೆ ಅಥವಾ ಹಿಡಿತ ಸಡಿಲವಾದರೆ ವೈದ್ಯರನ್ನು ಕಾಣಲೇಬೇಕು.

ಒತ್ತಡದ ಲೆಕ್ಕ

ಒಂದೊಂದು ಅಂಗೈಯ ಮೇಲೆ 10 ಕಿಲೋಗ್ರಾಂ ತೂಕ, ಅಂದರೆ ಸುಮಾರು 100 ನ್ಯೂಟನ್ ಬಲ ಬೀಳುತ್ತಿದೆ ಎನ್ನೋಣ. ಸಪುರವಾದ ದುಂಡು ಹಿಡಿಕೆಯಲ್ಲಿ ಈ ಭಾರ ಹೊರುವ ಚರ್ಮದ ಕ್ಷೇತ್ರಫಲ 15 ಚದರ ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಒತ್ತಡ 100 ಭಾಗಿಸು 0.0015, ಅಂದರೆ ಸುಮಾರು 67 ಕಿಲೋಪಾಸ್ಕಲ್. ಪಾದರಸದ ಲೆಕ್ಕದಲ್ಲಿ ಇದು 500 ಮಿಲಿಮೀಟರ್! ನಮ್ಮ ರಕ್ತದ ಮೇಲಿನ ಒತ್ತಡ ಸಾಮಾನ್ಯವಾಗಿ 120 ಮಿಲಿಮೀಟರ್, ಅಂದರೆ 16 ಕಿಲೋಪಾಸ್ಕಲ್. ಹೀಗಿರುವಾಗ ಒತ್ತಲ್ಪಟ್ಟ ಚರ್ಮದಲ್ಲಿ ರಕ್ತ ಹರಿಯುವುದಾದರೂ ಹೇಗೆ?

ಕ್ಷೇತ್ರಫಲ ಎರಡರಷ್ಟಾದರೆ ಒತ್ತಡ ಅರ್ಧಕ್ಕಿಳಿಯುತ್ತದೆ. ಹೊರತುದಿಯಲ್ಲಿ ರೆಕ್ಕೆಯಂತೆ ಅಗಲವಾಗಿ ಚಾಚಿರುವ ಹಿಡಿಕೆಗಳು ಮಾಡುವುದು ಇಷ್ಟನ್ನೇ. ಅಂಗೈ ಬುಡಕ್ಕೆ ಒಂದು ಚಪ್ಪಟೆ ಮಣೆ ಒದಗಿಸಿ ಭಾರವನ್ನು ಹರಡುತ್ತವೆ. ಇಂತಹ ರೆಕ್ಕೆ ತೀರ ಮೆತ್ತಗಿದ್ದರೆ ಭಾರಕ್ಕೆ ಬಾಗಿ ನಿರುಪಯುಕ್ತವಾಗುತ್ತದೆ. ತುಸು ಗಟ್ಟಿಯಾಗಿರುವುದೇ ಅದರ ಗುಣ.

ಆದರೂ 33 ಕಿಲೋಪಾಸ್ಕಲ್ ರಕ್ತದ ಒತ್ತಡಕ್ಕಿಂತ ಹೆಚ್ಚೇ. ಹಾಗಾಗಿ ಎಂತಹ ಹಿಡಿಕೆಯಾದರೂ ಆಗಾಗ ಕೈಯನ್ನು ಸರಿಸಿ, ಬೆರಳಾಡಿಸಿ ರಕ್ತ ಹರಿಯಲು ಬಿಡಬೇಕು.

ಮೆತ್ತನೆಯ ಫೋಮ್ ಮಾಡಿದ ಮೋಸ

ಫೋಮ್ ಎಂದರೆ ಗಾಳಿ ತುಂಬಿದ ಅಸಂಖ್ಯ ಪುಟ್ಟ ಕೋಶಗಳ ಸಮೂಹ. ಅದನ್ನು ಅದುಮುತ್ತ ಹೋದರೆ ಮೂರು ಹಂತಗಳು ಕಾಣುತ್ತವೆ. ಮೊದಲು ಸ್ಪ್ರಿಂಗಿನಂತೆ ಸ್ವಲ್ಪ ಪ್ರತಿರೋಧ ತೋರುತ್ತದೆ. ಆಮೇಲೆ ಕೋಶಗಳ ಗೋಡೆಗಳು ಬಾಗಿ, ಹೆಚ್ಚು ಬಲವಿಲ್ಲದೆಯೇ ಕುಗ್ಗುತ್ತ ಹೋಗುತ್ತದೆ. ಕೊನೆಗೆ ಗೋಡೆಗೆ ಗೋಡೆ ತಾಗಿ ಗಟ್ಟಿ ರಬ್ಬರಿನಂತಾಗುತ್ತದೆ. ಅಂಗಡಿಯಲ್ಲಿ ಎರಡು ಬೆರಳುಗಳಿಂದ ಒತ್ತಿ ನೋಡುವಾಗ ನಮಗೆ ಸಿಗುವುದು ಮೊದಲೆರಡು ಹಂತಗಳ ಸುಖ. ರಸ್ತೆಯಲ್ಲಿ ಮೈಭಾರ ಬಿದ್ದಾಗ ಹಿಡಿಕೆ ಮೂರನೆಯ ಹಂತ ತಲಪುತ್ತದೆ. ಆಗ ಕೈಗೂ ಲೋಹದ ದಂಡಕ್ಕೂ ನಡುವೆ ಉಳಿಯುವುದು ತೆಳುವಾದ ಒಂದು ಪದರ ಮಾತ್ರ.

ಕಂಪನದ ವಿಷಯದಲ್ಲಿಯೂ ಅಷ್ಟೆ. ಭಾರದಿಂದ ಹಿಡಿಕೆ 1 ಮಿಲಿಮೀಟರ್ ಕುಗ್ಗಿದೆ ಎನ್ನೋಣ. ಗುರುತ್ವ ವೇಗೋತ್ಕರ್ಷವನ್ನು ಈ ಕುಗ್ಗುವಿಕೆಯಿಂದ ಭಾಗಿಸಿ, ವರ್ಗಮೂಲ ತೆಗೆದು, ಅದನ್ನು 2 ಪೈಯಿಂದ ಭಾಗಿಸಿದರೆ ಆ ವ್ಯವಸ್ಥೆಯ ಸಹಜ ಆವೃತ್ತಿ ಸಿಗುತ್ತದೆ. ಉತ್ತರ ಸುಮಾರು 16 ಹರ್ಟ್ಸ್. ಕಂಪನದ ಆವೃತ್ತಿ ಇದರ 1.4 ಪಟ್ಟಿಗಿಂತ, ಅಂದರೆ 22 ಹರ್ಟ್ಸಿಗಿಂತ ಹೆಚ್ಚಿದ್ದರೆ ಮಾತ್ರ ಹಿಡಿಕೆ ಅದನ್ನು ತಗ್ಗಿಸಬಲ್ಲದು.

ಗಂಟೆಗೆ 18 ಕಿಲೋಮೀಟರ್, ಅಂದರೆ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಹೋಗುತ್ತಿದ್ದೀರಿ. ರಸ್ತೆಯಲ್ಲಿ 5 ಸೆಂಟಿಮೀಟರಿಗೊಂದರಂತೆ ಜಲ್ಲಿಕಲ್ಲುಗಳಿದ್ದರೆ ಕಂಪನ 100 ಹರ್ಟ್ಸ್. ಇದನ್ನು ಒಳ್ಳೆಯ ರಬ್ಬರ್ ಸಾಕಷ್ಟು ತಗ್ಗಿಸುತ್ತದೆ. ಆದರೆ ಅರ್ಧ ಮೀಟರಿಗೊಂದರಂತೆ ದಿಬ್ಬಗಳಿದ್ದರೆ ಕಂಪನ 10 ಹರ್ಟ್ಸ್. ಅದು ಹಿಡಿಕೆಯನ್ನು ದಾಟಿ ನೇರವಾಗಿ ಕೈಗೆ ಬರುತ್ತದೆ. ಇನ್ನೂ ಮೆತ್ತನೆಯ, 2 ಮಿಲಿಮೀಟರ್ ಕುಗ್ಗುವ ಹಿಡಿಕೆ ಹಾಕಿದರೆ ಸಹಜ ಆವೃತ್ತಿ 11 ಹರ್ಟ್ಸಿಗೆ ಇಳಿದು ಅನುರಣನೆಯ ಹತ್ತಿರ ಹೋಗುತ್ತೇವೆ! ಕೈ ಎಂಬುದು ಜಡವಾದ ತೂಕದ ಬೊಟ್ಟಲ್ಲ, ರಬ್ಬರ್ ಆದರ್ಶ ಸ್ಪ್ರಿಂಗೂ ಅಲ್ಲ. ಹಾಗಾಗಿ ನಿಜಸ್ಥಿತಿ ಈ ಲೆಕ್ಕದಷ್ಟು ಸರಳವಲ್ಲ. ಆದರೆ ಅದು ತೋರಿಸುವ ದಿಕ್ಕು ಸರಿಯಾಗಿದೆ. ಕೈಗೆ ಅತಿ ಹೆಚ್ಚು ತೊಂದರೆ ಕೊಡುವುದು 8ರಿಂದ 16 ಹರ್ಟ್ಸ್ ನಡುವಣ ಕಂಪನ ಎಂದು ಅಂತರರಾಷ್ಟ್ರೀಯ ಮಾನಕಗಳೂ ಪರಿಗಣಿಸುತ್ತವೆ.

ಇಂತಹ ನಿಧಾನ ಕಂಪನವನ್ನು ತಡೆಯುವ ಕೆಲಸ ಟಯರಿನದು. ಅದು ಒಂದು ಸೆಂಟಿಮೀಟರ್ ಕುಗ್ಗಿದರೆ ಸಹಜ ಆವೃತ್ತಿ 5 ಹರ್ಟ್ಸ್. ಟಯರಿನ ಬದಿಯಲ್ಲಿ ನಮೂದಿಸಿರುವ ಮಿತಿಯೊಳಗೇ ಗಾಳಿಯನ್ನು ಸ್ವಲ್ಪ ಕಡಿಮೆ ಮಾಡುವುದು ಖರ್ಚಿಲ್ಲದ ಉಪಾಯ.

ದಪ್ಪ ಎಷ್ಟಿರಬೇಕು?

ಮೌಂಟನ್ ಬೈಕಿನ ದಂಡಕ್ಕೆ ಹಿಡಿಕೆ ಕೂರುವ ಜಾಗದಲ್ಲಿ 22.2 ಮಿಲಿಮೀಟರ್ ವ್ಯಾಸ. ಮಾರುಕಟ್ಟೆಯ ದುಂಡು ಹಿಡಿಕೆಗಳ ಹೊರವ್ಯಾಸ ಸಾಮಾನ್ಯವಾಗಿ 29ರಿಂದ 34 ಮಿಲಿಮೀಟರ್. ಹಿಡಿದಾಗ ಬೆರಳತುದಿಗಳು ಹೆಬ್ಬೆರಳಿನ ಬುಡದ ಉಬ್ಬಿಗೆ ಇನ್ನೇನು ತಾಗುವಂತಿರಬೇಕು. ತೀರ ಸಪುರವಾದರೆ ಉಗುರು ಅಂಗೈಗೆ ಚುಚ್ಚುತ್ತದೆ, ಒತ್ತಡವೂ ಹೆಚ್ಚು. ತೀರ ದಪ್ಪವಾದರೆ ಬೆರಳು ಪೂರ್ತಿ ಸುತ್ತುವುದಿಲ್ಲ. ಜಾರದಿರಲೆಂದು ಸದಾ ಬಿಗಿಯಾಗಿ ಹಿಡಿದು ಮುಂಗೈ ಸ್ನಾಯುಗಳು ದಣಿಯುತ್ತವೆ. ನನ್ನ ಫೋಮ್ ಹಿಡಿಕೆಯ ಎರಡನೆಯ ದೋಷ ಇದೇ ಆಗಿತ್ತು. ವಿದ್ಯಾರ್ಥಿಗಳ ಚಿಕ್ಕ ಕೈಗಳಿಗೆ ಸಪುರವಾದುದೇ ಲೇಸು.

ವಸ್ತು, ಜೋಡಣೆ ಮತ್ತು ಬೆಲೆ

ಹಿಡಿಕೆಗಳ ಬೆಲೆ ಒಂದೆರಡು ನೂರು ರೂಪಾಯಿಗಳಿಂದ ಕೆಲವು ಸಾವಿರದವರೆಗೂ ಇದೆ. ವ್ಯತ್ಯಾಸ ಬರುವುದು ಎಲ್ಲಿಂದ?

ಒಂದು, ವಸ್ತು. ನೈಸರ್ಗಿಕ ರಬ್ಬರನ್ನು ಗಂಧಕದೊಡನೆ ಕಾಯಿಸಿ ಗಟ್ಟಿಗೊಳಿಸುವ ವಿಧಾನವನ್ನು ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡ. ಗಂಧಕವು ಅಣುಸರಪಳಿಗಳ ನಡುವೆ ಶಾಶ್ವತ ಸೇತುವೆ ಕಟ್ಟುತ್ತದೆ. ಇಂದಿನ ಅನೇಕ ಅಗ್ಗದ ಹಿಡಿಕೆಗಳು ಕ್ರೇಟಾನ್‌ನಂತಹ ರಬ್ಬರ್ ಗುಣದ ಪ್ಲಾಸ್ಟಿಕ್ಕಿನವು. ಇವುಗಳಲ್ಲಿ ಸೇತುವೆಗಳು ಶಾಶ್ವತವಲ್ಲ. ಬಿಸಿ ಮಾಡಿದರೆ ಕರಗುವುದರಿಂದ ಅಚ್ಚಿಗೆ ಹಾಕಿ ಕ್ಷಣದಲ್ಲಿ ತಯಾರಿಸಬಹುದು. ಬೆಲೆ ಕಡಿಮೆ ಎಂದ ಮಾತ್ರಕ್ಕೆ ಇವು ಕೀಳಲ್ಲ. ಆದರೆ ಬೆವರು, ಎಣ್ಣೆ, ಬಿಸಿಲಿನಿಂದ ಕಾಲಕ್ರಮೇಣ ಅಂಟಂಟಾಗಬಹುದು. ಸಿಲಿಕೋನ್ ಫೋಮ್ ಹೆಚ್ಚು ಕಾಲ ಬಾಳುತ್ತದೆ, ಬೆಲೆಯೂ ಹೆಚ್ಚು.

ಎರಡು, ಜೋಡಣೆ. ತೂರಿಸುವ ಹಿಡಿಕೆ ಕೇವಲ ಘರ್ಷಣೆಯಿಂದ ನಿಲ್ಲುತ್ತದೆ. ಮಳೆನೀರು ಒಳಹೊಕ್ಕರೆ ಗಿರ್ರನೆ ತಿರುಗಬಹುದು. ಬೋಲ್ಟಿನ ಹಿಡಿಕೆಯಲ್ಲಿ ಪ್ಲಾಸ್ಟಿಕ್ ಕೊಳವೆಯ ಮೇಲೆ ರಬ್ಬರ್ ಇದ್ದು, ಲೋಹದ ಬಳೆ ಅದನ್ನು ದಂಡಕ್ಕೆ ಬಿಗಿಯುತ್ತದೆ. ಇದು ತಿರುಗುವುದಿಲ್ಲ. ಆದರೆ ಒಂದು ಲೆಕ್ಕ ಗಮನಿಸಿ. ಹೊರವ್ಯಾಸ 32 ಮಿಲಿಮೀಟರ್ ಇದ್ದರೆ ದಂಡದ ಮೇಲಿನ ದಪ್ಪ 4.9 ಮಿಲಿಮೀಟರ್. ಕೊಳವೆಗೆ 1.5 ಹೋದರೆ ರಬ್ಬರಿಗೆ ಉಳಿಯುವುದು 3.4 ಮಾತ್ರ. ಅದೇ ದಪ್ಪದ ಅಗ್ಗದ ತೂರಿಸುವ ಹಿಡಿಕೆಯಲ್ಲಿ ಪೂರ್ತಿ 4.9 ಮಿಲಿಮೀಟರೂ ರಬ್ಬರೇ. ಹೆಚ್ಚಿನ ಹಣ ಕೊಟ್ಟು ನಾವು ಪಡೆಯುವುದು ಭದ್ರತೆ ಮತ್ತು ಬಿಚ್ಚುವ ಅನುಕೂಲ. ಸುಖವಲ್ಲ! ರೆಕ್ಕೆಯ ಹಿಡಿಕೆಗೆ ಮಾತ್ರ ಬೋಲ್ಟ್ ಬೇಕು, ಏಕೆಂದರೆ ಅದು ತಿರುಗಿದರೆ ರೆಕ್ಕೆ ಮಣಿಕಟ್ಟನ್ನೇ ಒತ್ತುತ್ತದೆ.

ಮೂರು, ಮೇಲ್ಮೈ. ಒಣಗಿದ ನುಣುಪು ರಬ್ಬರ್ ಚೆನ್ನಾಗಿಯೇ ಹಿಡಿಯುತ್ತದೆ. ಬೆವರಿನ ಪದರ ಬಂದಾಗ ಮಾತ್ರ ಜಾರುತ್ತದೆ. ಸಣ್ಣ ಗೀರುಗಳು ಆ ನೀರಿಗೆ ದಾರಿ ಮಾಡಿಕೊಡುತ್ತವೆ. ದೊಡ್ಡ ಗುಬುಟುಗಳು ಬೇಡ. ಸ್ಪರ್ಶ ಕ್ಷೇತ್ರಫಲ ಕಡಿಮೆಯಾಗಿ ಒತ್ತಡ ಹೆಚ್ಚುತ್ತದೆ.

ಕೊಳ್ಳುವ ಮೊದಲು

ಮೊದಲು ಸೀಟನ್ನು ನೋಡಿ. ಅದರ ಮೂತಿ ಕೆಳಕ್ಕೆ ಬಾಗಿದ್ದರೆ ಮೈಭಾರವೆಲ್ಲ ಕೈಗೆ ಜಾರುತ್ತದೆ. ಬಳಿಕ ಬ್ರೇಕಿನ ಸನ್ನೆಯ ಕೋನ ಸರಿಪಡಿಸಿ. ಬೆರಳಿಟ್ಟಾಗ ಮುಂಗೈ ಮತ್ತು ಅಂಗೈ ಒಂದೇ ರೇಖೆಯಲ್ಲಿರಬೇಕು. ಇಷ್ಟರಿಂದಲೇ ಅನೇಕರ ಜೋಮು ಹೋಗುತ್ತದೆ. ಆಮೇಲೂ ಉಳಿದರೆ, ಕೈಯಳತೆಗೆ ಹೊಂದುವ, ಮಧ್ಯಮ ಮೆದುವಿನ, ಸಣ್ಣ ಗೀರುಗಳ ತೂರಿಸುವ ರಬ್ಬರ್ ಹಿಡಿಕೆ ಸಾಕು. ದಿನವೂ ದೂರ ಹೋಗುವವರು ರೆಕ್ಕೆಯ ಹಿಡಿಕೆಗೆ ಹಣ ಹಾಕಬಹುದು. ಹಿಡಿಕೆಯ ಹೊರತುದಿ ಮುಚ್ಚಿರಲೇಬೇಕು. ಬಿದ್ದಾಗ ತೆರೆದ ಲೋಹದ ಕೊಳವೆ ಹೊಟ್ಟೆಗೆ ಚುಚ್ಚಿ ಮಕ್ಕಳಿಗೆ ತೀವ್ರ ಗಾಯಗಳಾಗುವುದುಂಟು.

ತರಗತಿಯಲ್ಲೊಂದು ಪ್ರಯೋಗ

ಬಿಳಿ ಕಾಗದವನ್ನು ಹಿಡಿಕೆಗೆ ಸುತ್ತಿ. ಅಂಗೈಗೆ ಮೊಹರಿನ ಶಾಯಿ ಸವರಿಕೊಂಡು, ಸೈಕಲ್ಲನ್ನು ಇನ್ನೊಬ್ಬರು ಹಿಡಿದಿರುವಾಗ ಸವಾರಿಯ ಭಂಗಿಯಲ್ಲಿ ಒಮ್ಮೆ ಒರಗಿ. ಕಾಗದ ಬಿಚ್ಚಿ, ಮೂಡಿದ ಗುರುತನ್ನು ಗ್ರಾಫ್ ಹಾಳೆಯ ಮೇಲಿಟ್ಟು ಚೌಕಗಳನ್ನು ಎಣಿಸಿ. ಬೇರೆ ಬೇರೆ ಹಿಡಿಕೆಗಳಲ್ಲಿ ಕ್ಷೇತ್ರಫಲ ಎಷ್ಟೆಷ್ಟು? ಗುರುತು ಎಲ್ಲಿ ಹೆಚ್ಚು ಕಪ್ಪಾಗಿದೆ? ಕಿರುಬೆರಳಿನ ಕಡೆಯ ಬುಡದಲ್ಲಿ ಪುಟ್ಟ ಕಪ್ಪು ಮಚ್ಚೆ ಮೂಡಿದ್ದರೆ ನಿಮ್ಮ ಅಲ್ನಾರ್ ನರ ಆ ಹಿಡಿಕೆಯನ್ನು ಒಪ್ಪುವುದಿಲ್ಲ ಎಂದೇ ಅರ್ಥ.

ನಾನು ಈ ಪ್ರಯೋಗ ಮಾಡಿದ ಮೇಲೆ ಸೀಟನ್ನು ಸಮತಟ್ಟು ಮಾಡಿ, ಫೋಮನ್ನು ಕಿತ್ತು, ಅಗ್ಗದ ರಬ್ಬರ್ ಹಿಡಿಕೆ ಹಾಕಿಸಿದೆ. ಸೀಮೆಸುಣ್ಣ ಮತ್ತೆ ಜಾರಿಲ್ಲ.