ಅಟ್ಟ ಸೇರಿದ ಕಬ್ಬಿಣಕ್ಕೆ ಮರುಜೀವ

ನಿಮ್ಮ ಮನೆಯ ಅಟ್ಟವನ್ನೊಮ್ಮೆ ಹತ್ತಿ ನೋಡಿ. ಹಿಡಿ ಕಳಚಿದ ಕತ್ತಿ, ಕೆಂಪಾದ ಸುತ್ತಿಗೆ, ಹಲ್ಲು ಮುಚ್ಚಿಹೋದ ಗರಗಸ ಯಾವುದಾದರೊಂದು ಮೂಲೆಯಲ್ಲಿ ಬಿದ್ದಿರಬಹುದು. ‘ಇನ್ನು ಇದು ಗುಜರಿಗೇ ಸೈ’ ಎಂದು ನೀವು ತೀರ್ಮಾನಿಸಿಯೂ ಇರಬಹುದು. ಸ್ವಲ್ಪ ತಾಳಿ.

ನನ್ನ ತಂದೆ ಬಡಗಿಯಾಗಿದ್ದರು. ಅವರು ತೀರಿಹೋದ ಮೇಲೆ ಅವರ ಉಳಿ, ಬಾಚಿ, ಗರಗಸಗಳ ಪೆಟ್ಟಿಗೆ ಎಂಟು ವರ್ಷ ಅಟ್ಟದಲ್ಲೇ ಇತ್ತು. ಒಂದು ಮಳೆಗಾಲ ಗುಜರಿಯವನನ್ನು ಕರೆದಾಗ ತವರಿಗೆ ಬಂದಿದ್ದ ತಂಗಿ ಕೇಳಿದಳು: “ಇದು ಉಪ್ಪನದಲ್ಲವಾ? ಕೊಡುವ ಮುಂಚೆ ನನ್ನಲ್ಲಿ ಒಂದು ಮಾತು ಕೇಳಬೇಡವಾ?” ಮಕ್ಕಳಿಗೆ ವಾರಸು ಹಕ್ಕಿನ ಪಾಠ ಹೇಳುವ ನಾನು ತಲೆ ತಗ್ಗಿಸಿದೆ. ಬಿಟ್ಟುಹೋದ ಸೊತ್ತು ಕಡಿಮೆಯಿರಲಿ, ಹೆಚ್ಚಿರಲಿ, ಅದರಲ್ಲಿ ಸ್ತ್ರೀಯರಿಗೂ ಪಾಲಿದೆ ಎಂದು ಸೂರಃ ಅನ್ನಿಸಾದ 7ನೇ ಸೂಕ್ತವು ವಿಧಿಸಿದೆ. ಜಮೀನಿಗೆ ಅನ್ವಯಿಸುವ ಆ ವಿಧಿ ಒಂದು ಉಳಿಗೂ ಅನ್ವಯಿಸುತ್ತದೆ. ಗುಜರಿಯವನು ಬರಿಗೈಯಲ್ಲಿ ಮರಳಿದ. ನಾವು ತುಕ್ಕು ತೆಗೆಯಲು ಕುಳಿತೆವು.

ತುಕ್ಕು ಎಂದರೇನು?

ಕಬ್ಬಿಣವು ನೀರು ಮತ್ತು ಗಾಳಿಯಲ್ಲಿರುವ ಆಮ್ಲಜನಕದೊಂದಿಗೆ ಸೇರಿದಾಗ ತುಕ್ಕು ಹುಟ್ಟುತ್ತದೆ. ಉಪ್ಪು ಇದನ್ನು ಇನ್ನಷ್ಟು ಚುರುಕುಗೊಳಿಸುತ್ತದೆ. ಕರಾವಳಿಯ ಮನೆಗಳಲ್ಲಿ ಕತ್ತಿ ಬೇಗ ಕೆಂಪಾಗುವುದು ಅದಕ್ಕೇ. ತುಕ್ಕಿನ ಪದರ ಸಡಿಲವಾದುದರಿಂದ ಅದು ಒಳಗಿನ ಕಬ್ಬಿಣವನ್ನು ಕಾಯುವುದಿಲ್ಲ. ಬಿಟ್ಟರೆ ತಿನ್ನುತ್ತಲೇ ಹೋಗುತ್ತದೆ.

ಹೀಗೆ ಮಾಡಿ

ಮೊದಲು ಮಣ್ಣು, ಜಿಡ್ಡು ಹೋಗುವಂತೆ ಸೋಪಿನ ನೀರಿನಲ್ಲಿ ತೊಳೆಯಿರಿ. ಮರದ ಹಿಡಿ ಕಳಚಲು ಬಂದರೆ ಕಳಚಿರಿ. ಇಲ್ಲವಾದರೆ ಕಬ್ಬಿಣದ ಭಾಗ ಮಾತ್ರ ಮುಳುಗಲಿ. ಪ್ಲಾಸ್ಟಿಕ್ ಟಬ್ಬಿನಲ್ಲಿ ಅಡುಗೆಯ ಬಿಳಿ ವಿನೆಗರ್ ಸುರಿದು ಒಂದು ರಾತ್ರಿ ನೆನೆಸಿಡಿ. ಅಲ್ಯೂಮಿನಿಯಂ ಪಾತ್ರೆ ಬೇಡ. ದಿನಗಟ್ಟಲೆ ಮರೆತುಬಿಡಲೂ ಬೇಡ, ಆಮ್ಲವು ಒಳ್ಳೆಯ ಕಬ್ಬಿಣವನ್ನೂ ತಿನ್ನುತ್ತದೆ. ಸಣ್ಣ ಕಲೆಗಳಾದರೆ ಲಿಂಬೆರಸ ಮತ್ತು ಉಪ್ಪು ಹಚ್ಚಿ ಉಜ್ಜಿದರೆ ಸಾಕು.

ಬೆಳಿಗ್ಗೆ ಕೈಗವಸು ಧರಿಸಿ ಸ್ಟೀಲ್ ನಾರಿನಿಂದ ಉಜ್ಜಿರಿ. ಸಂದುಗಳಿಗೆ ಹಳೆಯ ಟೂತ್‌ಬ್ರಶ್ ಒಳ್ಳೆಯದು. ಹರಿತದ ಕಡೆಗೆ ಬೆರಳು ಹೋಗದಿರಲಿ. ನೀರಿನಲ್ಲಿ ತೊಳೆದು, ಒಂದು ಲೀಟರ್ ನೀರಿಗೆ ಒಂದು ಚಮಚ ಅಡುಗೆ ಸೋಡಾ ಬೆರೆಸಿ ಕೆಲವು ನಿಮಿಷ ಅದ್ದಿಡಿ. ಉಳಿದ ಆಮ್ಲ ಇಲ್ಲವಾಗುತ್ತದೆ. ಮತ್ತೆ ತೊಳೆದು ತಕ್ಷಣ ಬಟ್ಟೆಯಿಂದ ಒರೆಸಿ ಬಿಸಿಲಿಗಿಡಿ. ಇಲ್ಲಿ ಉದಾಸೀನ ಮಾಡಿದರೆ ನೋಡನೋಡುತ್ತಲೇ ಹೊಸ ತುಕ್ಕು ಬರುತ್ತದೆ.

ಕೊನೆಗೆ ತೆಳುವಾಗಿ ಎಣ್ಣೆ ಸವರಿ. ಅಡುಗೆಮನೆಯ ಕತ್ತಿಗೆ ತೆಂಗಿನೆಣ್ಣೆ, ಉಳಿದವುಗಳಿಗೆ ಹೊಲಿಗೆ ಯಂತ್ರದ ಎಣ್ಣೆ. ಸಿಮೆಂಟ್ ನೆಲದಲ್ಲಿಡದೆ, ಎಣ್ಣೆಬಟ್ಟೆಯಲ್ಲಿ ಸುತ್ತಿ ಒಣಗಿದ ಜಾಗದಲ್ಲಿಡಿ.

ಎಚ್ಚರವಿರಲಿ

ಹೊಳೆಯುವ ಲೇಪವಿರುವ ಕತ್ತರಿ, ಸ್ಪ್ಯಾನರ್‌ಗಳನ್ನು ವಿನೆಗರ್‌ನಲ್ಲಿ ನೆನೆಸಬೇಡಿ, ಲೇಪ ಏಳಬಹುದು. ಬೇಗ ಆಗಲೆಂದು ಶೌಚಾಲಯ ತೊಳೆಯುವ ಆಸಿಡ್ ಸುರಿಯಬೇಡಿ. ಅದರ ಹೊಗೆ ಕಣ್ಣಿಗೂ ಶ್ವಾಸಕೋಶಕ್ಕೂ ಅಪಾಯ. ವಿನೆಗರ್ ಆಗಲಿ, ಆಸಿಡ್ ಆಗಲಿ, ಬ್ಲೀಚಿಂಗ್ ಪುಡಿಯೊಂದಿಗೆ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ. ಮಕ್ಕಳನ್ನು ದೂರವಿಡಿ.

‘ತುಕ್ಕು ತಾಗಿದರೆ ಧನುರ್ವಾಯು’ ಎಂದು ನಮ್ಮ ಹಿರಿಯರು ಹೇಳುತ್ತಾರೆ. ವಾಸ್ತವದಲ್ಲಿ ರೋಗ ತರುವುದು ತುಕ್ಕಲ್ಲ, ಮಣ್ಣು, ಸೆಗಣಿ, ಧೂಳಿನಲ್ಲಿರುವ ಒಂದು ಬ್ಯಾಕ್ಟೀರಿಯಾ. ಆದ್ದರಿಂದ ಹೊಳೆಯುವ ಕತ್ತಿಯಾದರೂ ಮಣ್ಣು ಮೆತ್ತಿದ್ದರೆ ಅಪಾಯವೇ. ಗಾಯವಾದರೆ ಅರಿಶಿನ ಮೆತ್ತಿ ಸುಮ್ಮನಾಗದೆ ಸೋಪು, ನೀರಿನಿಂದ ಚೆನ್ನಾಗಿ ತೊಳೆಯಿರಿ; ಆಳದ ಗಾಯವಾದರೆ ಅಂದೇ ವೈದ್ಯರನ್ನು ಕಂಡು ಲಸಿಕೆಯ ಬಗ್ಗೆ ಕೇಳಿ.

ಹೃದಯದ ತುಕ್ಕು

ಪವಿತ್ರ ಕುರ್‌ಆನಿನ 57ನೇ ಅಧ್ಯಾಯದ ಹೆಸರೇ ‘ಅಲ್ ಹದೀದ್’, ಅಂದರೆ ಕಬ್ಬಿಣ. ಅದರಲ್ಲಿ ಜನರಿಗೆ ಪ್ರಯೋಜನಗಳಿವೆ ಎಂದು ಅಲ್ಲಾಹನು ನೆನಪಿಸಿದ್ದಾನೆ. ಪ್ರವಾದಿ ದಾವೂದ್(ಅ)ರು ಕಬ್ಬಿಣದಿಂದ ಕವಚ ಮಾಡುತ್ತಿದ್ದರು. ಉಪಯೋಗಕ್ಕೆ ಬರುವುದನ್ನು ಎಸೆಯುವುದು ದುಂದುಗಾರಿಕೆಯಲ್ಲವೇ?

83ನೇ ಅಧ್ಯಾಯವಾದ ‘ಅಲ್ ಮುತಫ್ಫಿಫೀನ್’ ಇನ್ನೊಂದು ತುಕ್ಕಿನ ಕುರಿತು ಎಚ್ಚರಿಸುತ್ತದೆ. ಅದು ಕೆಟ್ಟ ಗಳಿಕೆಯಿಂದ ಹೃದಯವನ್ನು ಆವರಿಸುವ ತುಕ್ಕು. ಆ ಅಧ್ಯಾಯ ಆರಂಭವಾಗುವುದೇ ಅಳತೆಯಲ್ಲಿ ಕಡಿತ ಮಾಡುವವರ ಕುರಿತ ಎಚ್ಚರಿಕೆಯಿಂದ. ಸಹೋದರಿಯ ಪಾಲನ್ನು ಕೇಳದೆಯೇ ನುಂಗುವುದೂ ಅಂತಹದೇ ಕಡಿತ. ಆ ತುಕ್ಕಿಗೆ ವಿನೆಗರ್ ಸಾಲದು. ಪಶ್ಚಾತ್ತಾಪ ಬೇಕು, ಹಕ್ಕು ಹಕ್ಕುದಾರರಿಗೆ ಸೇರಬೇಕು.

ನಮ್ಮ ಪೆಟ್ಟಿಗೆಯ ಉಪಕರಣಗಳನ್ನು ಉಮ್ಮ ಮತ್ತು ನಾವು ಮಕ್ಕಳೆಲ್ಲ ಮನಸಾರೆ ಒಪ್ಪಿ ತಂಗಿಯ ಮಗನಿಗೆ ಕೊಟ್ಟೆವು. ಅವನು ಮರಗೆಲಸ ಕಲಿಯುತ್ತಿದ್ದಾನೆ. ಅಜ್ಜನ ಉಳಿ ಮತ್ತೆ ದುಡಿಯುತ್ತಿದೆ. ಈ ಶುಕ್ರವಾರ ನೀವೂ ಅಟ್ಟ ಹತ್ತುವಿರಲ್ಲವೇ? ಅಲ್ಲಿ ಬಿದ್ದಿರುವುದರಲ್ಲಿ ಯಾರ ಪಾಲಿದೆ ಎಂದು ಮೊದಲು ಕೇಳಿಕೊಳ್ಳಿ.